ಅತ್ತೆ ಹುರಿದ ರಾಗಿ, ಸೊಸೆಯ ಬಿಯರು

ಸಂಜೆ ಹೊತ್ತು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸಿಗೆ ಕಾದವರಿಗೆ ಗೊತ್ತು, ಸೀಟು ಸಿಗುವುದು ಪೂರ್ವಜನ್ಮದ ಪುಣ್ಯ. ನನ್ನ ಪಾಲಿನ ಪುಣ್ಯ ಯಾವತ್ತೋ ಖರ್ಚಾಗಿಹೋಗಿದೆ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ತಿದ್ದಬೇಕಾದ ಪೇಪರುಗಳ ಚೀಲ. ಹೆಬ್ಬೂರಿನಲ್ಲಾದರೂ ಯಾರಾದರೂ ಇಳಿಯುತ್ತಾರೇನೋ ಎಂದು ಕೂತವರ ಮುಖ ನೋಡುತ್ತಾ ನಿಲ್ಲುವುದು. ಕೂತವರು ಕಿಟಕಿಯಾಚೆ ನೋಡುತ್ತಾರೆ. ಅಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ.

ನಾನು ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮನೆ ಇರುವುದು ತುಮಕೂರಿನ ಬಟವಾಡಿಯಲ್ಲಿ, ಒಂದು ಬಾಡಿಗೆ ಮಹಡಿ. ಇವರು, ಅಂದರೆ ನಮ್ಮ ಯಜಮಾನರು, ಗುಬ್ಬಿಯ ಒಂದು ಆಫೀಸಿನಲ್ಲಿ ಗುಮಾಸ್ತರು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಇವರು ಒಂದು ದಿಕ್ಕಿಗೆ ಹೋದರೆ ನಾನು ಇನ್ನೊಂದು ದಿಕ್ಕಿಗೆ. ಹಗಲೆಲ್ಲ ಮನೆಯಲ್ಲಿರುವವರು ನಮ್ಮತ್ತೆ. ಎಪ್ಪತ್ತು ದಾಟಿದೆ, ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಕೈಗೆ ಏನಾದರೂ ಕೆಲಸ ಬೇಕೇ ಬೇಕು. ಒಬ್ಬಳೇ ಮಗಳು ಪಿಯುಸಿ ಮುಗಿಸಿ ಮೈಸೂರಿನ ಹಾಸ್ಟೆಲ್ಲಿಗೆ ಸೇರಿದ ಮೇಲೆ ಮನೆಯಲ್ಲಿ ಉಳಿದವರು ನಾವು ಮೂವರು ಮತ್ತು ಅತ್ತೆಯವರ ಟಿವಿ.

ಮಗಳು ಇದ್ದಾಗ ಸಂಜೆ ಅವಳನ್ನು ಟ್ಯೂಷನ್ನಿನಿಂದ ಕರೆತರುವುದು ಇವರ ಕೆಲಸ. ಆರೂವರೆಗೆ ಸರಿಯಾಗಿ ಸ್ಕೂಟರು ಟ್ಯೂಷನ್ನಿನ ಗೇಟಿನ ಮುಂದೆ ಇರುತ್ತಿತ್ತು. ಅವಳು ಹೋದ ಮೇಲೆ ಇವರು ಬರುವ ಹೊತ್ತು ಏಳಾಯಿತು, ಎಂಟಾಯಿತು. ಎಂಟೂವರೆಗೆ ಬಂದ ದಿನ ಮೂಗಿಗೆ ಏಲಕ್ಕಿಯ ವಾಸನೆ ಬಡಿಯಿತು. ಏಲಕ್ಕಿ ಅಗಿದು ಬರುವ ಗಂಡಸು ಎಲ್ಲಿಂದ ಬರುತ್ತಾನೆ ಎಂದು ತಿಳಿಯಲು ವಿಜ್ಞಾನ ಓದಬೇಕಿಲ್ಲ. ತುಮಕೂರಿನ ಗುಬ್ಬಿ ಗೇಟಿನಲ್ಲಿ ಬಸ್ಸಿಳಿದು ಅಲ್ಲೇ ಒಂದು ಬಾರಿನಲ್ಲಿ ಬಿಯರು ಕುಡಿದು ಬರುತ್ತಿದ್ದರು. ತೂರಾಡಿಕೊಂಡು ಬಂದವರಲ್ಲ, ಒಂದು ದಿನವೂ ದನಿ ಎತ್ತಿದವರಲ್ಲ. ಬಂದು ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತು, ಉಂಡು ಮಲಗುತ್ತಿದ್ದರು. ಜಗಳ ಮಾಡೋಣ ಎಂದರೆ ಆ ಕಡೆಯಿಂದ ಒಂದು ಮಾತಾದರೂ ಬರಬೇಕಲ್ಲ!

"ಯಾಕ್ರೀ ಲೇಟು?" ಎಂದು ನಾನು ಕೇಳುವುದು.

"ಬಸ್ ಸಿಗ್ಲಿಲ್ಲ," ಎಂದು ಇವರು ಹೇಳುವುದು.

ಆ ವರ್ಷವೆಲ್ಲ ನಮ್ಮಿಬ್ಬರ ಸಂಸಾರದ ಮಾತುಕತೆ ಎಂದರೆ ಇಷ್ಟೆ. ನನಗೆ ಭಯವಾಗತೊಡಗಿತ್ತು. ಕುಡಿತದ ಭಯ ಅಷ್ಟಿರಲಿಲ್ಲ, ಇನ್ನು ಮುಂದೆ ಹೀಗೇ ಇದ್ದುಬಿಡುತ್ತೇವೆ ಎನ್ನುವ ಭಯ. ರಿಟೈರ್ ಆಗುವವರೆಗೆ ಆ ಎರಡು ವಾಕ್ಯ, ರಿಟೈರ್ ಆದ ಮೇಲೆ ಅವೂ ಇಲ್ಲ.

ನಾನು ಮಾಡದ ಉಪಾಯವಿಲ್ಲ. ಸೋಮವಾರ ಉಪವಾಸ ಹಿಡಿದೆ. ಕ್ಯಾತ್ಸಂದ್ರದ ಕಡೆಯ ಮಠಕ್ಕೆ ಇವರನ್ನು ಕರೆದುಕೊಂಡು ಹೋಗಿ ಗದ್ದುಗೆಯ ಮುಂದೆ ನಿಲ್ಲಿಸಿದೆ. ಇವರು ನನಗಿಂತ ಭಕ್ತಿಯಿಂದ ಕೈಮುಗಿದು, ಪ್ರಸಾದ ಉಂಡು, ಮಾರನೆಯ ದಿನ ಮತ್ತೆ ಏಲಕ್ಕಿ ಅಗಿದುಕೊಂಡು ಬಂದರು.

ಕೊನೆಗೆ ದಾರಿ ಹೊಳೆದದ್ದು ಪಾಠ ಮಾಡುವಾಗ. ಬೋರ್ಡಿನ ಮೇಲೆ ಹುದುಗುವಿಕೆಯ ಸಮೀಕರಣ ಬರೆಯುತ್ತಿದ್ದೆ. ಸಕ್ಕರೆಯನ್ನು ಈಸ್ಟ್ ತಿಂದು ಒಂದು ಕಡೆ ಆಲ್ಕೋಹಾಲು, ಇನ್ನೊಂದು ಕಡೆ ಗಾಳಿಗುಳ್ಳೆ. ಇಷ್ಟು ವರ್ಷ ಮಕ್ಕಳಿಗೆ ಇದನ್ನೇ ಬಾಯಿಪಾಠ ಮಾಡಿಸಿದ್ದೇನೆ, ಗುಬ್ಬಿ ಗೇಟಿನವನು ಇದನ್ನೇ ಮಾರಿ ನನ್ನ ಗಂಡನನ್ನು ಕೂರಿಸಿಕೊಂಡಿದ್ದಾನೆ. ಅವನಲ್ಲಿರುವುದು ಮನೆಯಲ್ಲೇ ಸಿಕ್ಕರೆ ಅಲ್ಲಿಗೆ ಯಾಕೆ ಹೋಗುತ್ತಾರೆ? ಕಾರಣ ತೆಗೆದರೆ ಪರಿಣಾಮ ತಾನೇ ಹೋಗುತ್ತದೆ ಎನ್ನುವುದು ನನ್ನ ಲೆಕ್ಕ. ಚಾಕ್‌ಪೀಸು ಹಿಡಿದುಕೊಂಡು ಅಲ್ಲೇ ನಗು ಬಂತು. ಮಕ್ಕಳು ಮೇಡಮ್ಮಿಗೆ ಏನಾಯಿತೋ ಎಂದು ನೋಡಿದವು.

ರಾತ್ರಿ ಊಟ ಬಡಿಸುವಾಗ ಇವರಿಗೆ ಹೇಳಿದೆ. "ಇನ್ಮೇಲೆ ಬಾರಿಗೆ ಹೋಗ್ಬೇಡಿ. ಬಿಯರ್ ನಾನೇ ಮಾಡ್ಕೊಡ್ತೀನಿ."

ಇವರ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. "ಏನು ಮಾಡ್ಕೊಡ್ತೀಯ?"

"ಬಿಯರು. ಮನೇಲೇ ಕೂತು ಕುಡೀರಿ. ಕಂಡೋರ ಬಾಯಲ್ಲಿ ಮೇಡಮ್ಮಿನ ಗಂಡ ಬಾರಲ್ಲಿದ್ದ ಅಂತ ಕೇಳೋದಾದ್ರೂ ತಪ್ಪುತ್ತೆ."

ಹಾಲಿನಲ್ಲಿ ಧಾರಾವಾಹಿ ನೋಡುತ್ತಿದ್ದ ಅತ್ತೆಗೆ ಕಿವಿ ಚುರುಕು. "ಅದೇನು ಮಾಡ್ಕಂಡಾದ್ರೂ ಸಾಯ್ರಿ ಕಣವ್ವ," ಎಂದರು. "ನನ್ನ ಪೂಜೆ ನೀರು ಕಾಯ್ಸೋ ತಪ್ಪಲೆ ಮಾತ್ರ ಮುಟ್ಬ್ಯಾಡಿ."

ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಯಾರೂ ಮುಟ್ಟದ ವಸ್ತುವಿಗೆ ಸಿಕ್ಕ ಅನುಮತಿ ಇದು. ಕಾನೂನಿನ ಅನುಮತಿ ಬೇರೆ ಮಾತು. ಅಬಕಾರಿಯವರ ಕಣ್ಣು ಬಿಯರು ತುಂಬಿದ ಒಂದು ನೀರಿನ ಕ್ಯಾನಿನ ಮೇಲೆ ಬೀಳದಿರಲಿ ಎಂದು ಆಗಲೂ ಬೇಡಿಕೊಂಡಿದ್ದೆ, ಈಗಲೂ ಬೇಡಿಕೊಳ್ಳುತ್ತೇನೆ.

ಫೋನಿನ ವಿಡಿಯೋಗಳಲ್ಲಿ ಬಿಯರು ಮಾಡುವವರೆಲ್ಲ ಗಡ್ಡ ಬಿಟ್ಟ ಗಂಡಸರು. ಹೊಳೆಯುವ ಸ್ಟೀಲಿನ ಹಂಡೆ, ಬಗೆಬಗೆಯ ಮೀಟರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಬಾರ್ಲಿ ನಾನು ನೋಡಿರುವುದು ಕಾಲು ಊದಿದವರಿಗೆ ಮಾಡುವ ಗಂಜಿಯಲ್ಲಿ ಮಾತ್ರ. ನಮ್ಮ ಮನೆಯಲ್ಲಿರುವುದು ರಾಗಿ. ಗುಬ್ಬಿ ಹತ್ತಿರದ ಇವರ ಹೊಲದಿಂದ ವರ್ಷವರ್ಷ ಬರುವ ಚೀಲ ಅಡುಗೆಮನೆಯ ಮೂಲೆಯಲ್ಲಿ ಕೂತಿರುತ್ತದೆ. ಮೊಳಕೆ ಬರಿಸುವುದಕ್ಕೆ ರಾಗಿಗಿಂತ ಸುಲಭದ ಕಾಳು ಯಾವುದಿದೆ? ಮಗಳಿಗೆ ಆರು ತಿಂಗಳಾದಾಗ ಇದೇ ಅತ್ತೆ ಮೊಳಕೆ ರಾಗಿಯ ಸರಿ ಮಾಡಿ ತಿನ್ನಿಸಿದ್ದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಯಾಕೆ ಎಂದುಕೊಂಡೆ.

ಬಿಯರಿಗೆ ಕಹಿ ಕೊಡುವ ಹಾಪ್ಸ್ ಎನ್ನುವ ಒಣ ಹೂವನ್ನೂ ಈಸ್ಟನ್ನೂ ಫೋನಿನಲ್ಲೇ ತರಿಸಿದೆ. ಥರ್ಮಾಮೀಟರು ಸ್ಕೂಲಿನ ಲ್ಯಾಬಿನಿಂದ ಎರಡು ದಿನದ ಮಟ್ಟಿಗೆ ಬಂತು. ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬಿಳಿ ಬೇರು ಇಣುಕಿದ ಮೇಲೆ ತಾರಸಿಯ ನೆರಳಲ್ಲಿ ಮೊರದ ಮೇಲೆ ಹರಡಿ ಸ್ಕೂಲಿಗೆ ಹೋದೆ.

ಸಂಜೆ ಮೆಟ್ಟಿಲು ಹತ್ತುವಾಗಲೇ ಗಮ್ಮೆನ್ನುವ ವಾಸನೆ. ಕೆಳಗಿನ ಮನೆಯಾಕೆ ಬಾಗಿಲಿಗೆ ಬಂದು, "ಏನ್ ಮೇಡಂ, ಮಗಳು ಬರ್ತಾಳಾ? ರಾಗಿ ಹುರೀತಿದೀರ!" ಎಂದರು. ಮೇಲೆ ಅತ್ತೆ ಒಲೆಯ ಮುಂದೆ ಕಬ್ಬಿಣದ ಬಾಂಡ್ಲಿ ಇಟ್ಟುಕೊಂಡು, ಬೆವರು ಒರೆಸಿಕೊಳ್ಳುತ್ತಾ, ಮೊಳಕೆ ರಾಗಿಯ ಕೊನೆಯ ಹಿಡಿಯನ್ನು ಹುರಿಯುತ್ತಿದ್ದರು.

"ಒಣಗಿತ್ತು ಕಣವ್ವ. ನೀನು ಸುಸ್ತಾಗಿ ಬತ್ತೀಯಲ್ಲ ಅಂತ ನಾನೇ ಹುರ್ದುಬುಟ್ಟೆ. ಹದ ನೋಡು, ಒಂದು ಕಾಳೂ ಸೀದಿಲ್ಲ."

ನಿಜವಾಗಿಯೂ ಒಂದು ಕಾಳೂ ಸೀದಿರಲಿಲ್ಲ. ಈ ಊರಿನ ಕಡೆ ಮೊಳಕೆ ರಾಗಿ ಒಣಗಿದ ಮೇಲೆ ಹುರಿಯದೆ ಬಿಡುವ ಹೆಂಗಸು ಇಲ್ಲ. ಒಣಗಿದ್ದು ಕಂಡರೆ ಕೈ ತಾನಾಗಿ ಬಾಂಡ್ಲಿಗೆ ಹೋಗುತ್ತದೆ. ಆ ಗಳಿಗೆಯಲ್ಲಿ ನನಗೂ ತಪ್ಪೇನೂ ಕಾಣಲಿಲ್ಲ. ಬಸ್ಸಿನಲ್ಲಿ ನಿಂತು ಬಂದ ಕಾಲು, ಒಂದು ಕೆಲಸ ಕಡಿಮೆಯಾಯಿತಲ್ಲ ಎಂದು ಹಗುರವಾಯಿತು. ಅತ್ತೆ ಕಾಫಿ ಕೊಟ್ಟರು, ಕುಡಿದೆ. ಮಾರನೆಯ ದಿನ ಮಿಲ್ಲಿನಲ್ಲಿ ತರಿತರಿಯಾಗಿ ಒಡೆಸಿಕೊಂಡು ಬಂದೆ.

ಭಾನುವಾರ ದೊಡ್ಡ ಪಾತ್ರೆಯಲ್ಲಿ ಬಿಸಿನೀರಿಗೆ ಆ ತರಿ ಸುರಿದು, ಥರ್ಮಾಮೀಟರು ನೋಡಿ, ಹಳೆಯ ಕಂಬಳಿ ಸುತ್ತಿ ಇಟ್ಟೆ. ಹೀಗೆ ಬೆಚ್ಚಗೆ ಇಟ್ಟರೆ ಕಾಳಿನ ಪಿಷ್ಟವೆಲ್ಲ ಸಕ್ಕರೆಯಾಗಿ ನೀರು ಸಿಹಿಯಾಗುತ್ತದೆ ಎಂದು ಗಡ್ಡದವರು ಹೇಳಿದ್ದರು. ನೆಕ್ಕಿ ನೋಡಿದರೆ ಅಂಬಲಿಯ ರುಚಿ. ಇರಲಿ, ರಾಗಿಯ ಸಿಹಿ ಇಷ್ಟೇ ಇರಬೇಕು ಎಂದುಕೊಂಡು ಸೋಸಿ, ಹಾಪ್ಸ್ ಹಾಕಿ ಕುದಿಸಿ, ಆರಿಸಿ, ನೀರಿನ ಕ್ಯಾನಿಗೆ ತುಂಬಿ ಈಸ್ಟ್ ಹಾಕಿದೆ. ಪಾತ್ರೆ ತೊಳೆಯುವ ಹೊತ್ತಿಗೆ ಸೊಂಟ ನನ್ನದಲ್ಲ ಎನ್ನುವಂತಾಗಿತ್ತು. ವಾರಕ್ಕೊಂದು ಭಾನುವಾರ, ಅದೂ ಹೀಗೆ ಹೋಯಿತು.

ಗುಳ್ಳೆ ಬರಬೇಕಿತ್ತು. ಸೋಮವಾರ ಒಂದೆರಡು ಬಂದು ನಿಂತವು. ಮಂಗಳವಾರ ಕ್ಯಾನು ಸತ್ತಂತೆ ಕೂತಿತ್ತು. ಬುಧವಾರ ಇವರು ಎಂದಿನಂತೆ ಎಂಟೂವರೆಗೆ ಬಂದು, ಕ್ಯಾನನ್ನು ಒಮ್ಮೆ ನೋಡಿ, ಏನೂ ಹೇಳದೆ ಉಣ್ಣಲು ಕೂತರು. ಆ ಏನೂ ಹೇಳದಿರುವುದು ಇದೆಯಲ್ಲ, ಅದು ನನ್ನ ಮೈ ಉರಿಸಿತು.

ಗುರುವಾರ ಲ್ಯಾಬಿನಿಂದ ಸಣ್ಣ ಶೀಶೆಯಲ್ಲಿ ಅಯೋಡಿನ್ ತಂದೆ. ಅವತ್ತು ಇವರು ಸ್ವಲ್ಪ ಮುಂಚೆ ಬಂದಿದ್ದರು. ತಟ್ಟೆಯಲ್ಲಿ ಕ್ಯಾನಿನ ನೀರು ಒಂದು ಚಮಚ ಹಾಕಿ, ಅಯೋಡಿನ್ ಒಂದು ಹನಿ ಬಿಟ್ಟೆ. ಕಡುನೀಲಿ. ಮಕ್ಕಳಿಗೆ ಹೆಚ್ಚಿದ ಆಲೂಗಡ್ಡೆಯ ಮೇಲೆ ತೋರಿಸುವ ಅದೇ ನೀಲಿ. ಪಿಷ್ಟ ಪಿಷ್ಟವಾಗಿಯೇ ಉಳಿದಿದೆ, ಸಕ್ಕರೆಯಾಗಿಲ್ಲ. ಆಗಲೇ ಬಾಂಡ್ಲಿ ನೆನಪಾದದ್ದು. ಪಿಷ್ಟವನ್ನು ಸಕ್ಕರೆ ಮಾಡುವುದು ಮೊಳಕೆಯೊಳಗಿನ ಕಿಣ್ವ. ಕಿಣ್ವ ಕಾವಿಗೆ ಸಾಯುತ್ತದೆ ಎಂದು ಪ್ರತಿ ವರ್ಷ ಪರೀಕ್ಷೆಗೆ ಕೊಡುವವಳು ನಾನು. ಒಂದು ಕಾಳೂ ಸೀಯದ ಹಾಗೆ, ಹದವಾಗಿ, ಪ್ರೀತಿಯಿಂದ, ಅಷ್ಟೂ ಕಿಣ್ವವನ್ನು ಅತ್ತೆ ಹುರಿದು ಮುಗಿಸಿದ್ದರು.

ಇವರಿಗೆ ಹೇಳಿದೆ. ಇವರು ತಟ್ಟೆಯ ನೀಲಿಯನ್ನು ನೋಡಿದರು, ನನ್ನ ಮುಖ ನೋಡಿದರು, ಹಾಲಿನಲ್ಲಿದ್ದ ಅಮ್ಮನನ್ನು ನೋಡಿದರು. ಆಮೇಲೆ ನಕ್ಕರು. ಸುಮ್ಮನೆ ನಗೆಯಲ್ಲ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂಥ ನಗು.

"ಅವ್ವಾ, ಬಿಯರ್ನೂ ಸರಿ ಮಾಡ್ಬುಟ್ಟಲ್ಲವ್ವಾ!"

"ಸರಿ ಮಾಡಿದ್ರೆ ಒಳ್ಳೇದೇ ಆಯ್ತು ಬುಡ್ಲಾ," ಎಂದ ಅತ್ತೆ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಇವರು ಒಂದು ಲೋಟದಲ್ಲಿ ಅದನ್ನು ಬಗ್ಗಿಸಿಕೊಂಡು ಕುಡಿದರು. "ಅಂಬಲಿಗೆ ಹಾಗಲಕಾಯಿ ಹಿಂಡಿದಂಗಿದೆ ಕಣೇ," ಎಂದು ಮತ್ತೆ ನಕ್ಕರು. ನನಗೂ ನಗು ಬಂತು. ಮಗಳು ಹೋದ ಮೇಲೆ ಆ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಅಳುವೂ ಬಂತು, ಅದನ್ನು ಒಗ್ಗರಣೆಗೆ ಹೆಚ್ಚಿಟ್ಟಿದ್ದ ಈರುಳ್ಳಿಯ ಮೇಲೆ ಹಾಕಿದೆ.

ಎರಡನೆಯ ಸಲ ಇವರು ತಾವೇ ಕೈ ಹಾಕಿದರು. ನಾನು ಕರೆಯಲಿಲ್ಲ. ನಾನು ರಾಗಿ ನೆನೆಸಿದ್ದು ಗೊತ್ತಾದ ಕೂಡಲೇ ಇವರು ಮಾಡಿದ ಮೊದಲ ಕೆಲಸ ಎಂದರೆ, ಬಾಂಡ್ಲಿಯನ್ನು ಅಟ್ಟದ ಮೇಲೆ ಬಚ್ಚಿಟ್ಟದ್ದು. ಮೊಳಕೆ ಒಣಗುವ ದಿನ ಎರಡನೇ ಶನಿವಾರ ಬರುವಂತೆ ನೋಡಿಕೊಂಡು, ತಾರಸಿಯಲ್ಲಿ ಕುರ್ಚಿ ಹಾಕಿ ಕಾವಲು ಕೂತರು. ಗುಬ್ಬಚ್ಚಿಗಿಂತ ಅಮ್ಮನ ಭಯ ಹೆಚ್ಚು. ಕ್ಯಾನಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು. ಅದಕ್ಕೆಂದು ಬಟವಾಡಿಯ ಒಂದು ಕ್ಲಿನಿಕ್ಕಿನಿಂದ ಹೊಸ ಡ್ರಿಪ್ ಪೈಪು ಕೇಳಿ ತಂದು, ಕ್ಯಾನಿನ ಮುಚ್ಚಳಕ್ಕೆ ತೂರಿಸಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿಟ್ಟರು. ಬಿಸಿಲ ಧಗೆಗೆ ಕ್ಯಾನು ಕಾಯಬಾರದೆಂದು ಒದ್ದೆ ಗೋಣಿಚೀಲ ಸುತ್ತಿದರು. ನಾನು ಏನಾದರೂ ಹೇಳಹೋದರೆ, "ನೀನ್ ಸುಮ್ನಿರೇ, ಪಾಠ ಸ್ಕೂಲಲ್ಲಿ ಮಾಡು," ಎನ್ನುವರು. ನಾನೂ ಸುಮ್ಮನಾಗುವೆ. ಬಹಳ ದಿನದ ಮೇಲೆ ಒಬ್ಬರು ನನ್ನ ಬಾಯಿ ಮುಚ್ಚಿಸಿದರು, ಅದೂ ಹಿತವಾಗಿತ್ತು.

ಈ ಸಲ ಅಯೋಡಿನ್ ಹನಿ ನೀಲಿಯಾಗಲಿಲ್ಲ, ಕಂದು ಬಣ್ಣದಲ್ಲೇ ಉಳಿಯಿತು. ನೀರು ಬೆಲ್ಲದ ಪಾನಕದ ಹಾಗೆ ಸಿಹಿ. ಮಾರನೆಯ ಬೆಳಿಗ್ಗೆ ಬಾಟಲಿಯ ನೀರಿನಲ್ಲಿ ಗುಳುಗುಳು ಶುರುವಾಯಿತು.

ಇವರು ಆರೂವರೆಗೆ ಮನೆಗೆ ಬರತೊಡಗಿದರು.

ನಾನು ಕುಣಿಗಲ್ಲಿನಿಂದ ಬರುವಷ್ಟರಲ್ಲಿ ಇವರು ಚಪ್ಪಲಿ ಬಿಟ್ಟು ಕ್ಯಾನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಗೋಣಿಗೆ ನೀರು ಚಿಮುಕಿಸುವುದು, ಕಿವಿ ಇಟ್ಟು ಕೇಳುವುದು. ಮಧ್ಯಾಹ್ನ ಊಟದ ಹೊತ್ತಿಗೆ ಗುಬ್ಬಿಯಿಂದ ಅಮ್ಮನಿಗೆ ಫೋನು. ಒಂದು ದಿನ ನನಗೆ ರಜೆ ಇತ್ತು, ಕಣ್ಣಾರೆ ನೋಡಿದೆ. ವಿಭೂತಿ ಧರಿಸಿದ ಅತ್ತೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಫೋನನ್ನು ಬಾಟಲಿಯ ಹತ್ತಿರ ಹಿಡಿದು ನಿಂತಿದ್ದಾರೆ.

"ಕೇಳ್ತೈತೇನ್ಲಾ? ಹ್ಞೂಂ, ಚೆನ್ನಾಗೇ ಗುಟುರು ಹಾಕ್ತೈತೆ. ನೀನು ಉಂಡ್ಯಾ?"

ಆ ದಿನಗಳಲ್ಲಿ ನಾನು ಗೆದ್ದೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಯುತ್ತಿತ್ತು. ಆದರೆ ಬಟವಾಡಿಯಲ್ಲಿ ಇಳಿದು ಮನೆಯ ಕಡೆ ತಿರುಗುವಾಗ ದೀಪ ಹತ್ತಿದೆಯಾ ಎಂದು ತಲೆ ಎತ್ತಿ ನೋಡುತ್ತಿದ್ದೆ. ಹತ್ತಿರುತ್ತಿತ್ತು.

ಗುಳ್ಳೆ ನಿಂತ ಮೇಲೆ ಬಾಟಲಿಗಳಿಗೆ ಚೂರು ಸಕ್ಕರೆ ಹಾಕಿ ತುಂಬಿ ಬಿಗಿದೆವು. ಒಂದು ವಾರ ಕಾದು, ಫ್ರಿಜ್ಜಿನಲ್ಲಿಟ್ಟು, ಭಾನುವಾರ ಸಂಜೆ ತಾರಸಿಯಲ್ಲಿ ಮೊದಲ ಬಾಟಲಿ ತೆಗೆದೆವು. ಪುಸ್ಸೆಂದು ನೊರೆ ಬಂತು. ಬಣ್ಣ ಕೆಮ್ಮಣ್ಣಿನದು, ಸ್ವಲ್ಪ ಹುಳಿ, ಸ್ವಲ್ಪ ಕಹಿ, ಹಿಂದೆ ಎಲ್ಲೋ ರಾಗಿ. ನಾನು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದೆ. ಇದಕ್ಕೋಸ್ಕರ ಜನ ಮನೆ ಮಠ ಬಿಡುತ್ತಾರಾ ಎನ್ನಿಸಿತು. ಇವರು ನಿಧಾನವಾಗಿ ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಭೇಷ್ ಆಗಿದೆ ಕಣೇ," ಎಂದರು. ಮನಸ್ಸಿನಿಂದಲೇ ಹೇಳಿದರು, ನನಗೆ ಗೊತ್ತಾಗುತ್ತದೆ. ಇನ್ನೇನು ಬೇಕು? ಫ್ರಿಜ್ಜಿನ ಬಾಗಿಲ ತುಂಬ ಬಾಟಲಿ ಜೋಡಿಸಿದೆ.

ಸೋಮವಾರ ಹೆಡ್‌ಮಾಸ್ಟರ ಹತ್ತಿರ ಪರ್ಮಿಷನ್ ಕೇಳಿ ಒಂದು ಪೀರಿಯಡ್ ಮುಂಚೆ ಹೊರಟೆ. ಕಡಲೆಬೀಜ ಹುರಿದು, ಈರುಳ್ಳಿ ಹೆಚ್ಚಿ, ಲೋಟ ತೊಳೆದಿಟ್ಟೆ. ಆರೂವರೆ ಆಯಿತು. ಏಳಾಯಿತು. ಅತ್ತೆಯ ಧಾರಾವಾಹಿ ಮುಗಿದು ಇನ್ನೊಂದು ಶುರುವಾಯಿತು. ಎಂಟೂವರೆಗೆ ಇವರು ಬಂದರು. ಏಲಕ್ಕಿ.

"ಯಾಕ್ರೀ ಲೇಟು?"

"ಬಸ್ ಸಿಗ್ಲಿಲ್ಲ."

ಕಡಲೆಬೀಜದ ತಟ್ಟೆಯನ್ನು ನೋಡಿದರು. ಕೈಕಾಲು ತೊಳೆಯಲು ಹೋದರು. ಮಂಗಳವಾರವೂ ಹಾಗೆಯೇ, ಬುಧವಾರವೂ ಹಾಗೆಯೇ. ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಬಾಟಲಿಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಎನ್ನುವವು. ಇವರು ಒಂದನ್ನೂ ಮುಟ್ಟಿರಲಿಲ್ಲ. ಹಾಲು ತೆಗೆಯಲು ಹೋದಾಗಲೂ ಆ ಸದ್ದು ಕೇಳಬೇಕು. ಒಂದು ದಿನ ಅಷ್ಟನ್ನೂ ಬಚ್ಚಲಿಗೆ ಸುರಿದುಬಿಡೋಣ ಎಂದು ಕೈ ಹಾಕಿದೆ. ಆಮೇಲೆ ಬಾಟಲಿ ತೊಳೆಯುವವಳೂ ನಾನೇ ತಾನೆ ಎಂದು ಬಿಟ್ಟೆ.

ಭಾನುವಾರ ಬೆಳಿಗ್ಗೆ ಅತ್ತೆ ಪೂಜೆಗೆ ಕೂತಾಗ, ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಾ ಇವರನ್ನು ಹಿಡಿದುಕೊಂಡೆ. ಇವರು ಹಗ್ಗದ ಆ ಕಡೆ ಬಕೆಟ್ಟು ಹಿಡಿದು ನಿಂತಿದ್ದರು.

"ಚೆನ್ನಾಗಿಲ್ದಿದ್ರೆ ಚೆನ್ನಾಗಿಲ್ಲ ಅನ್ನಿ. ಮನೇಲಿಟ್ಕೊಂಡು ಬಾರಿಗೆ ಹೋಗೋದು ಯಾಕೆ? ನಾನೇನು ಹುಚ್ಚಿನಾ, ಸೊಂಟ ಮುರ್ಕೊಂಡು ಮಾಡೋಕೆ?"

"ಚೆನ್ನಾಗಿದೆ ಕಣೇ. ಅವ್ನು ಕೊಡೋದಕ್ಕಿಂತ ಚೆನ್ನಾಗಿದೆ."

"ಮತ್ತೆ?"

ಇವರು ಬಕೆಟ್ಟಿನಿಂದ ಒಂದು ಟವೆಲ್ಲು ತೆಗೆದು ಹಿಂಡಿದರು. ಅದನ್ನು ನಾನು ಆಗಲೇ ಹಿಂಡಿದ್ದೆ.

"ಮುಗೀತಲ್ಲ," ಎಂದರು.

"ಏನ್ ಮುಗೀತು?"

"ಕ್ಯಾನಿನ ಕೆಲ್ಸ." ಟವೆಲ್ಲನ್ನು ಹಗ್ಗದ ಮೇಲೆ ಹಾಕಿ ಹೇಳಿದರು. "ಮಗು ಟ್ಯೂಷನ್ನಿಗೆ ಹೋಗ್ವಾಗ ಐದ್ ನಿಮಿಷ ಲೇಟಾದ್ರೆ ಫೋನ್ ಮಾಡೋಳು. ಅಪ್ಪಾ ಎಲ್ಲಿದೀಯಾ, ನಾನ್ ಗೇಟಲ್ಲಿ ನಿಂತಿದೀನಿ ಅನ್ನೋಳು. ಈಗ ಆರೂವರೆಗೆ ಬಂದ್ರೂ ಒಂದೇ, ಒಂಬತ್ತಕ್ಕೆ ಬಂದ್ರೂ ಒಂದೇ. ನೀನು ಪೇಪರ್ ತಿದ್ತಿರ್ತೀಯ, ಅವ್ವ ಟಿವಿ ನೋಡ್ತಿರ್ತಾಳೆ. ಬಂದು ಏನ್ಮಾಡ್ಲಿ ಹೇಳು? ಕ್ಯಾನಾದ್ರೆ ಹೋಗಿ ನೋಡ್ಬೇಕಿತ್ತು. ಗೋಣಿ ಒಣಗಿದ್ರೆ ಕಾದೋಗುತ್ತೆ ಅಂತ ಅನ್ಸೋದು. ಅದು ಕಾಯ್ತಿತ್ತು ನಂಗೆ."

ಕನಿಕರ ಪಡಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟು. ತಲೆಯಿಂದ ಕಾಲಿನವರೆಗೆ ಸಿಟ್ಟು.

"ಮತ್ತೆ ನಂಗ್ಯಾರು ಕಾಯ್ತಾರ್ರೀ?" ಎಂದೆ. "ಒಂದೂವರೆ ಗಂಟೆ ನಿಂತ್ಕೊಂಡು ಬರ್ತೀನಲ್ಲ, ಈ ಮನೇಲಿ ನಂಗೆ ಕಾಯೋದು ಯಾವ್ದು? ಸಿಂಕಲ್ಲಿರೋ ಪಾತ್ರೆ, ಒಲೆ ಮೇಲಿಡ್ಬೇಕಾದ ಎಸರು. ನೀವು ಲೇಟಾದ್ರೆ ಕೇಳೋಕೆ ನಾನಾದ್ರೂ ಇದೀನಿ. ದಿನಾ ಕೇಳ್ತೀನಿ. ನಾನು ಎಷ್ಟೊತ್ತಿಗೆ ಬಂದೆ ಅಂತ ಈ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ಕೇಳಿದೀರಾ?"

ಕೆಳಗಿನಿಂದ ಅತ್ತೆಯ ಗಂಟೆಯ ಸದ್ದು ಬಂತು. ಬಕೆಟ್ಟಿನಲ್ಲಿ ಇನ್ನೂ ಅರ್ಧ ಬಟ್ಟೆಗಳಿದ್ದವು. ಒಬ್ಬರ ಮುಖ ಒಬ್ಬರು ನೋಡದೆ ಅಷ್ಟನ್ನೂ ಹರವಿ ಇಳಿದೆವು.

ಇನ್ನು ಮೇಲೆ ಆ ಕ್ಯಾನಿನ ತಂಟೆಗೆ ಹೋಗುವುದಿಲ್ಲ ಎಂದು ನಿರ್ಧಾರ ಮಾಡಿದೆ. ಬರುವವರು ಬರಲಿ, ಹೋಗುವವರು ಹೋಗಲಿ. ಗಂಡ ಮನೆಗೆ ಬರಲಿ ಎಂದು ವಾರವಾರ ರಾಗಿ ನೆನೆಸುವ ಶಕ್ತಿ ನನಗಿರಲಿಲ್ಲ. ಇದನ್ನು ಬೇಸರದಿಂದ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಕ್ಯಾನು ತೊಳೆದು ಬೋರಲು ಹಾಕಿದೆ. ಡ್ರಿಪ್ ಪೈಪನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದೆ. ಬಾಂಡ್ಲಿಯನ್ನು ಅಟ್ಟದಿಂದ ಇಳಿಸಿ ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ಕಳೆದುಹೋದ ಮಗ ಬಂದಂತೆ ಒರೆಸಿ ಇಟ್ಟುಕೊಂಡರು. ಮುಂದಿನ ದಿನಗಳಲ್ಲಿ ಇವರು ಕೆಲವು ಸಂಜೆ ಬೇಗ ಬಂದರು, ಕೆಲವು ಸಂಜೆ ಮತ್ತೆ ಎಂಟೂವರೆಗೆ. ನಾನು ಯಾಕೆ ಲೇಟು ಎಂದು ಕೇಳುವುದನ್ನೂ ಬಿಟ್ಟೆ. ಆಗ ನಮ್ಮ ಮನೆಯಲ್ಲಿ ಆ ಎರಡು ವಾಕ್ಯವೂ ಇಲ್ಲದಂತಾಯಿತು.

ಆಮೇಲೆ ಒಂದು ಶುಕ್ರವಾರ. ಸ್ಕೂಲಿನಲ್ಲಿ ಮೀಟಿಂಗ್ ಎಳೆಯಿತು. ಹೊರಗೆ ಬಂದರೆ ಮಳೆ. ನನ್ನ ಬಸ್ಸು ಹೋಗಿಯಾಗಿತ್ತು, ಮುಂದಿನದು ಹೆಬ್ಬೂರಿನ ಹತ್ತಿರ ಪಂಕ್ಚರಾಗಿ ನಿಂತಿತು. ಫೋನಿನ ಚಾರ್ಜು ಮಧ್ಯಾಹ್ನವೇ ಮುಗಿದಿತ್ತು. ಯಾರಿಗೆ ಹೇಳಬೇಕು ಎಂದು ಅದನ್ನು ಚೀಲದೊಳಗೇ ಬಿಟ್ಟಿದ್ದೆ. ಒದ್ದೆ ಸೀರೆಯಲ್ಲಿ ಬಟವಾಡಿಯಲ್ಲಿ ಇಳಿದಾಗ ಅಂಗಡಿಯವರು ಬಾಗಿಲು ಎಳೆಯುತ್ತಿದ್ದರು. ರಾತ್ರಿ ಅಡುಗೆಗೆ ಏನು ಮಾಡುವುದು ಎನ್ನುವುದೊಂದೇ ತಲೆಯಲ್ಲಿತ್ತು.

ಮೆಟ್ಟಿಲ ಮೇಲೆಯೇ ಅತ್ತೆಯ ದನಿ ಕೇಳಿಸಿತು. ಬಾಗಿಲಲ್ಲೇ ನಿಂತಿದ್ದರು.

"ಬಂದ್ಯಾ? ನನ್ನ ಬಾಂಡ್ಲಿ ಕಂಡ್ಯೇನವ್ವ? ಸಂಜೆಯಿಂದ ಹುಡುಕ್ತಾ ಇವ್ನಿ, ಮತ್ತೆ ಮಾಯ ಆಗೈತೆ."

ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. ಅಡುಗೆಮನೆಯಲ್ಲಿ ದೀಪ ಇತ್ತು. ಇವರು ಬನಿಯನ್ನಿನಲ್ಲಿ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಅನ್ನದ ಪಾತ್ರೆ ಮುಚ್ಚಿಟ್ಟಿತ್ತು, ಅದರ ಮೇಲೆ ನನ್ನ ತಟ್ಟೆ. ಮುಂದೆ ನಮ್ಮ ಮನೆಯ ಅತಿ ದೊಡ್ಡ ಪಾತ್ರೆ, ಅದರ ತುಂಬ ನೆನೆಹಾಕಿದ ರಾಗಿ. ಒಂದು ಕ್ಯಾನಿಗಲ್ಲ, ಊರಿನ ಮದುವೆಗೆ ಸಾಕಾಗುವಷ್ಟು. ನೀರು ಪಾತ್ರೆಯ ಅಂಚಿನಿಂದ ತುಳುಕಿ ಅವರ ಲುಂಗಿಯೆಲ್ಲ ಒದ್ದೆಯಾಗಿತ್ತು. ನನ್ನ ಕಣ್ಣು ತಾನಾಗಿ ಅಟ್ಟದ ಕಡೆ ಹೋಯಿತು. ಕಬ್ಬಿಣದ ಕಪ್ಪು ಅಂಚು ಅಲ್ಲಿಂದ ಇಣುಕುತ್ತಿತ್ತು.

ಇವರು ತಲೆ ಎತ್ತಿದರು. ಸೀರೆಯಿಂದ ತೊಟ್ಟಿಕ್ಕುವ ನೀರು ನೋಡಿದರು, ಗೋಡೆಯ ಗಡಿಯಾರ ನೋಡಿದರು. ಮುಖದಲ್ಲಿ ನಿಜವಾದ ಸಿಟ್ಟಿತ್ತು.

"ಯಾಕೇ ಲೇಟು?" ಎಂದರು.

"ಬಸ್ ಸಿಗ್ಲಿಲ್ಲ ರೀ," ಎಂದೆ. ಪೇಪರಿನ ಚೀಲವನ್ನು ಅಲ್ಲೇ ಇಳಿಸಿ, ರಾಗಿಯ ಪಾತ್ರೆಯ ಈ ಕಡೆ ಕೂತೆ.